ಊರಿನ ಹೆಸರು ಹೊತ್ತು ಹೊರಟ ಹೂಜಿ

1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿಯೊಬ್ಬ ಬೀದರ್‌ಗೆ ಬಂದ. ಅಫಾನಾಸಿ ನಿಕಿತಿನ್ ಎಂಬುದು ಆತನ ಹೆಸರು. ಹಡಗಿನಲ್ಲಿ ಕುದುರೆಯೊಂದನ್ನು ಹೇರಿಕೊಂಡು ಪಶ್ಚಿಮ ಕರಾವಳಿಯ ಚೌಲ್ ಬಂದರಿನಲ್ಲಿ ಇಳಿದು, ಜುನ್ನರ್ ಮಾರ್ಗವಾಗಿ ಬಹಮನಿ ಸುಲ್ತಾನರ ರಾಜಧಾನಿ ತಲುಪಿದ ಆತ, ಆ ಕುದುರೆಯನ್ನು ಬೀದರ್‌ನಲ್ಲೇ ಮಾರಿದ. ಅರಮನೆಯ ವೈಭವವನ್ನು ಕಂಡು ಬೆರಗಾದ, ಹಳ್ಳಿಗರ ಬಡತನವನ್ನೂ ಗಮನಿಸಿದ. ಆದರೆ ತನ್ನ ನಾಡಿಗೆ ಕೊಂಡೊಯ್ದು ಮಾರುವಂಥ ಸರಕು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಮೆಣಸು ಮತ್ತು ಬಣ್ಣ ಅಗ್ಗ ನಿಜ, ಉಳಿದದ್ದೆಲ್ಲ ಇಲ್ಲಿಯವರಿಗೇ ಸರಿ ಎಂದು ಆತ ತನ್ನ ಪ್ರವಾಸ ಕಥನದಲ್ಲಿ ಗೊಣಗಿದ್ದಾನೆ.

ಅದೇ ಊರಿನ ಹೆಸರು ಹೊತ್ತ ಕಪ್ಪು ಪಾತ್ರೆಗಳು ಇಂದು ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. ಬೆಳ್ಳಿಯ ಹೂಬಳ್ಳಿ ಹೊದ್ದ ಹೂಜಿ, ತಟ್ಟೆ, ಹುಕ್ಕಾ ಬುರುಡೆಗಳ ಪಕ್ಕದ ಚೀಟಿಯಲ್ಲಿ ಊರು ಯಾವುದೆಂದು ಬರೆದಿರುತ್ತದೆ, ಯಾವ ಶತಮಾನದ್ದೆಂಬ ಅಂದಾಜೂ ಇರುತ್ತದೆ. ಮಾಡಿದವನ ಹೆಸರು ಮಾತ್ರ ಬಹುತೇಕ ಇರುವುದಿಲ್ಲ.

ಹೊರದೇಶಗಳಿಗೆ ಹೋದ ಬಿದರಿ ಸಾಮಾನಿನ ಇತಿಹಾಸದ ತಿರುಳು ಈ ಚೀಟಿಯಲ್ಲೇ ಇದೆ. ಸರಕು ಗಡಿ ದಾಟಿತು, ಊರಿನ ಹೆಸರೂ ದಾಟಿತು. ಕುಶಲಕರ್ಮಿ ಮಾತ್ರ ಇದ್ದಲ್ಲೇ ಉಳಿದ. ಸಣ್ಣ ಊರಿನ ಸಣ್ಣ ಕಾರ್ಖಾನೆಯೊಂದು ಜಗತ್ತಿನ ಪೇಟೆಗೆ ಹೋಗಬೇಕಾದರೆ ಸರಕಿನ ಜೊತೆಗೆ ಯಾರ ಹೆಸರು ಹೋಗಬೇಕು ಎಂಬ ಪ್ರಶ್ನೆಗೆ ಬೀದರ್‌ನ ಅನುಭವ ಒಂದು ಪಾಠದಂತಿದೆ.

ಹೆಸರುಳ್ಳ ಸರಕು

ಬೀದರ್ ಜಿಲ್ಲೆಯಿಂದ ಹೊರಗೆ ಹೋಗುವ ಸರಕುಗಳಲ್ಲಿ ಹೆಸರಿರುವುದು ಅಪರೂಪ. ಔರಾದ್ ತಾಲ್ಲೂಕಿನ ತೊಗರಿ, ಉದ್ದು, ಹೆಸರು ಮಾರುಕಟ್ಟೆ ಅಂಗಳ ಸೇರಿದ ಮೇಲೆ ಬೇರೆ ಊರಿನ ಕಾಳಿನ ಜೊತೆ ಬೆರೆತುಹೋಗುತ್ತವೆ. ಬೇಳೆ ಗಿರಣಿಯಿಂದ ಹೊರಬಂದ ಮೇಲೆ ಅದು ಔರಾದ್‌ನದ್ದೋ ಪಕ್ಕದ ಉದಗೀರ್‌ನದ್ದೋ ಎಂದು ಹೇಳುವವರಿಲ್ಲ. ಭಾಲ್ಕಿಯ ಕಬ್ಬು ಸಕ್ಕರೆಯಾದ ಮೇಲೂ ಇದೇ ಕಥೆ. ಒಳ್ಳೆಯ ಬೆಳೆ ಬಂದ ವರ್ಷವೂ ರೈತನಿಗೆ ಸಿಗುವುದು ಪೇಟೆಯ ಆ ದಿನದ ಧಾರಣೆಯೇ ಹೊರತು ಊರಿನ ಹೆಸರಿಗೆಂದು ಹೆಚ್ಚುವರಿ ಕಾಸಿಲ್ಲ.

ಇದಕ್ಕೆ ದೊಡ್ಡ ಅಪವಾದ ಬಿದರಿ. ವಸ್ತುವಿನ ಹೆಸರಿನಲ್ಲೇ ಊರು ಅಡಗಿದೆ. ಲಖನೌದಲ್ಲಿ ಮಾಡಿದರೂ ಅದು ಬಿದರಿ, ಬಿಹಾರದ ಪೂರ್ಣಿಯಾದಲ್ಲಿ ಮಾಡಿದರೂ ಬಿದರಿ, ಹೈದರಾಬಾದಿನಲ್ಲಿ ಮಾಡಿದರೂ ಬಿದರಿ. ಇಷ್ಟು ಗಟ್ಟಿಯಾದ ಹೆಸರು ಸಿಕ್ಕಿದ್ದು ಹೇಗೆ ಎಂಬುದನ್ನು ತಿಳಿಯಲು ಮೊದಲು ಆ ಕಪ್ಪು ಬಣ್ಣದ ಗುಟ್ಟನ್ನು ನೋಡಬೇಕು.

ಕೋಟೆಯ ಮಣ್ಣು, ಸತುವಿನ ಕಪ್ಪು

ಲೋಹದ ಮೇಲೆ ಬೆಳ್ಳಿ ಬಂಗಾರ ಕೂರಿಸುವ ಕೆಲಸ ಹೊಸದಲ್ಲ. ಇರಾನ್, ಸಿರಿಯಾಗಳಲ್ಲಿ ಹಿತ್ತಾಳೆಯ ಮೇಲೆ, ಭಾರತದ ಅನೇಕ ಕಡೆ ಕತ್ತಿ ಗುರಾಣಿಗಳ ಉಕ್ಕಿನ ಮೇಲೆ ಈ ಕೆಲಸ ನಡೆಯುತ್ತಿತ್ತು. ಬೀದರ್‌ನ ವಿಶೇಷವೆಂದರೆ ಸತು. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸುವುದು ಈಗಿನ ರೂಢಿ. ಹರಳೆಣ್ಣೆ ಮತ್ತು ರಾಳ ಸೇರಿಸಿ ಹದ ಮಾಡಿದ ಮಣ್ಣಿನ ಅಚ್ಚಿಗೆ ಈ ಕರಗಿದ ಲೋಹವನ್ನು ಹೊಯ್ದು ಎರಕ ತೆಗೆಯುತ್ತಾರೆ. ಹೊರಬಂದ ಬೂದು ಬಣ್ಣದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರುತ್ತಾರೆ. ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನಚಾದ ಉಳಿಯಿಂದ ಕೈಯಲ್ಲೇ ಚಿತ್ರ ಗೀಚುತ್ತಾರೆ.

ಅನಂತರ ಸಣ್ಣ ಉಳಿಗಳಿಂದ ಗೆರೆಗಳನ್ನು ಕೊರೆದು, ಆ ತಗ್ಗಿನೊಳಗೆ ಬೆಳ್ಳಿಯ ತಂತಿ ಇಲ್ಲವೇ ತೆಳು ತಗಡನ್ನು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿ ಕೂರಿಸುವ ಕೆಲಸಕ್ಕೆ ತಾರ್‌ಕಶಿ ಎಂದೂ, ತಗಡನ್ನು ಆಳಕ್ಕೆ ಇಳಿಸುವ ಕೆಲಸಕ್ಕೆ ತೆಹನಿಶಾನ್ ಎಂದೂ ಹೆಸರು. ಮತ್ತೆ ಉಜ್ಜಿದಾಗ ಮೈಲುತುತ್ತದ ಕಪ್ಪು ಹೋಗಿ, ಬೂದು ಲೋಹದಲ್ಲಿ ಬಿಳಿ ಬೆಳ್ಳಿ ಇದ್ದೂ ಇಲ್ಲದಂತೆ ಕಾಣುತ್ತದೆ. ಇಷ್ಟು ದಿನದ ದುಡಿಮೆ ಕಣ್ಣಿಗೆ ಬೀಳುವುದು ಕೊನೆಯ ಹಂತದಲ್ಲಿ. ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ನವಸಾಗರ ಮತ್ತು ಬೀದರ್ ಕೋಟೆಯ ಹಳೆಯ ಮಣ್ಣು ಬೆರೆಸಿದ ನೀರಿನ ಪಾಕವನ್ನು ಉಜ್ಜುತ್ತಾರೆ. ಸತು ಗಾಢವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿದರೆ ಕಪ್ಪಿಗೆ ಹೊಳಪು ಬರುತ್ತದೆ.

ಕೋಟೆಯ ಮಣ್ಣು ಎಂದೊಡನೆ ಎಲ್ಲ ಮಣ್ಣೂ ಆಗದು. ಶತಮಾನಗಳಿಂದ ಬಿಸಿಲು ಮಳೆ ತಾಕದ ಹಳೆಯ ಕಟ್ಟಡಗಳ ಒಳಭಾಗದ ಮಣ್ಣನ್ನೇ ಕುಶಲಕರ್ಮಿಗಳು ಆಯ್ದು ತರುತ್ತಾರೆ. ಕೆಲವರು ನಾಲಿಗೆಗೆ ತಾಗಿಸಿ ಅದರ ಗುಣ ಹೇಳುತ್ತಾರೆ. ಇಂಥ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶ ಸೇರಿರುವುದೇ ಇದಕ್ಕೆ ಕಾರಣ ಎಂಬ ವಿವರಣೆಯಿದೆ. ಬಿದರಿ ಪಾತ್ರೆಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ ಬ್ರಿಟನ್ನಿನ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ 1987ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಮಣ್ಣಿನಷ್ಟೇ ಮುಖ್ಯವಾದದ್ದು ಸತುವಿನೊಳಗಿನ ಆ ಸ್ವಲ್ಪ ತಾಮ್ರ. ತಾಮ್ರವಿಲ್ಲದ ಬರಿ ಸತುವಿಗೆ ಅಂಥ ಗಾಢ ಕಪ್ಪು ಬರುವುದಿಲ್ಲ. ಅಂದರೆ ಈ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೈಯಿಂದಲೇ ಹುಟ್ಟಿದ್ದು.

ಹುಕ್ಕಾ ತಂದ ಗಿರಾಕಿಗಳು

ಈ ಕಲೆ ಬೀದರ್‌ಗೆ ಬಂದ ಕಾಲದ ಬಗ್ಗೆ ಊರಿನಲ್ಲಿ ಪ್ರಚಲಿತವಾದ ಕಥೆಯೊಂದಿದೆ. ಗುಲ್ಬರ್ಗದಿಂದ ಬೀದರ್‌ಗೆ ರಾಜಧಾನಿ ಬದಲಿಸಿದ ಸುಲ್ತಾನ ಅಹ್ಮದ್ ಷಾ, ಇರಾನಿನ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿಯನ್ನು ಕರೆಸಿಕೊಂಡನಂತೆ. ಆತನಿಂದ ಸ್ಥಳೀಯರು ಕೆಲಸ ಕಲಿತರಂತೆ. ಇದು ಪರಂಪರೆಯ ಮಾತು. ನಿಕಿತಿನ್‌ನ ಕಥನದಲ್ಲಿ ಬಿದರಿಯ ಪ್ರಸ್ತಾಪ ಇಲ್ಲ. ಇಂದು ಉಳಿದಿರುವ ಹಳೆಯ ಪಾತ್ರೆಗಳನ್ನು ವಿದ್ವಾಂಸರು ಬಹುಮಟ್ಟಿಗೆ 17ನೇ ಶತಮಾನದಿಂದ ಈಚಿನವೆಂದೇ ಗುರುತಿಸುತ್ತಾರೆ. ಬೀದರ್‌ನ ಉತ್ಪನ್ನಗಳ ನಡುವೆ ಬಿದರಿಯ ಹೆಸರು ಲಿಖಿತವಾಗಿ ಸಿಗುವುದು 18ನೇ ಶತಮಾನದ ನಡುಭಾಗದ ಪಾರಸಿ ಗ್ರಂಥ ‘ಚಹಾರ್ ಗುಲ್ಶನ್’ನಲ್ಲಿ. ಕಲೆಯ ಬೇರು ಬಹಮನಿ ಕಾಲದ್ದೇ ಆಗಿರಬಹುದು, ಅದು ವ್ಯಾಪಾರವಾಗಿ ಬೆಳೆದದ್ದು ಮಾತ್ರ ಅನಂತರ.

ಆ ಬೆಳವಣಿಗೆಗೆ ಒಂದು ಕಾರಣ ತಂಬಾಕು. ಪೋರ್ಚುಗೀಸರು ತಂದ ಈ ಎಲೆ ಉತ್ತರದ ಮೊಗಲರಿಗಿಂತ ಮೊದಲೇ ದಖನ್ನಿಗೆ ಪರಿಚಯವಾಗಿತ್ತು. ಅಕ್ಬರನ ರಾಯಭಾರಿ ಅಸದ್ ಬೇಗ್ 17ನೇ ಶತಮಾನದ ಮೊದಲ ವರ್ಷಗಳಲ್ಲಿ ಬಿಜಾಪುರಕ್ಕೆ ಬಂದು ಹೋಗುವಾಗ ತಂಬಾಕನ್ನೂ ಸೇದುವ ಕೊಳವೆಯನ್ನೂ ಒಯ್ದು ಬಾದಶಹನ ಮುಂದಿಟ್ಟ. ಶ್ರೀಮಂತರ ಮನೆಗಳಲ್ಲಿ ಹುಕ್ಕಾ, ನಮ್ಮ ಜನರ ಬಾಯಲ್ಲಿ ಗುಡಿಗುಡಿ, ಗೌರವದ ಗುರುತಾಯಿತು. ಹುಕ್ಕಾಕ್ಕೆ ನೀರು ತುಂಬುವ ಭಾರದ ಬುರುಡೆ ಬೇಕು, ಅದು ಅತಿಥಿಗಳ ಕಣ್ಣಿಗೆ ಬೀಳುವಂತೆ ನೆಲದ ಮೇಲೇ ಕೂರುತ್ತದೆ. ಬಿದರಿಗೆ ಇದಕ್ಕಿಂತ ಒಪ್ಪುವ ಕೆಲಸ ಬೇರೊಂದಿರಲಿಲ್ಲ. ಮೊದಲು ಗುಂಡಾಗಿದ್ದ ಬುರುಡೆ ಬರಬರುತ್ತ ಗಂಟೆಯ ಆಕಾರ ಪಡೆಯಿತು. ಗಸಗಸೆ ಹೂವು, ಬಳ್ಳಿ, ಎಲೆಗಳು ಅದರ ಮೈತುಂಬ ಹಬ್ಬಿದವು. ಜೊತೆಗೆ ಪಾನ್‌ದಾನ್, ಪೀಕದಾನಿ, ಹೂಜಿ, ತಟ್ಟೆಗಳೂ ಬಂದವು. ಹೈದರಾಬಾದ್ ಸಂಸ್ಥಾನದ ಉಳ್ಳವರ ಮನೆಗಳಲ್ಲಿ ಮಗಳ ಮದುವೆಗೆ ಬಿದರಿ ಸಾಮಾನು ಬಳುವಳಿ ಕೊಡುವ ವಾಡಿಕೆಯೂ ಇತ್ತು.

18ನೇ ಶತಮಾನದಲ್ಲಿ ಹೊಸ ಗಿರಾಕಿಗಳು ಸೇರಿಕೊಂಡರು. ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರು ಹುಕ್ಕಾದ ರುಚಿ ಹತ್ತಿಸಿಕೊಂಡು, ಹುಕ್ಕಾ ಹಚ್ಚಲೆಂದೇ ಆಳು ಇಟ್ಟುಕೊಂಡರು. ಕಂಪನಿಯ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ 19ನೇ ಶತಮಾನದ ಆರಂಭದಲ್ಲಿ ಬಿದರಿ ತಯಾರಿಕೆಯ ವಿವರಗಳನ್ನು ಇಂಗ್ಲಿಷಿನಲ್ಲಿ ದಾಖಲಿಸಿದ. ಟಿಪ್ಪು ಸುಲ್ತಾನನ ಪತನದ ಬಳಿಕ ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡವನೂ ಇವನೇ. ಅದೇ ಸುಮಾರಿಗೆ ಫ್ರಾನ್ಸಿಸ್ ಬುಕಾನನ್ ಪೂರ್ಣಿಯಾದಲ್ಲಿ ಇದೇ ಕೆಲಸ ನಡೆಯುವುದನ್ನು ಕಂಡು ಬರೆದಿಟ್ಟ. ಅಷ್ಟು ಹೊತ್ತಿಗಾಗಲೇ ಕಲೆ ಬೀದರ್ ಬಿಟ್ಟು ಗಂಗಾ ಬಯಲು ತಲುಪಿತ್ತು, ಬೀದರ್‌ನ ಹೆಸರನ್ನು ಮಾತ್ರ ಬಿಟ್ಟಿರಲಿಲ್ಲ.

ಆದರೆ ಈ ಗಿರಾಕಿಗಳು ಹೆಚ್ಚು ಕಾಲ ನಿಲ್ಲಲಿಲ್ಲ. 19ನೇ ಶತಮಾನದ ನಡುಭಾಗಕ್ಕೆ ಸಾಹೇಬರು ಹುಕ್ಕಾ ಬಿಟ್ಟು ಚುಟ್ಟಾ ಹಿಡಿದಿದ್ದರು. ನವಾಬರ ಆಸ್ಥಾನಗಳೂ ಒಂದೊಂದಾಗಿ ಮುಚ್ಚತೊಡಗಿದವು. ಒಂದೇ ವಸ್ತುವನ್ನು ನೆಚ್ಚಿದ ಕಸುಬಿಗೆ ಆ ವಸ್ತುವೇ ಬೇಡವಾದಾಗ ಏನಾಗುತ್ತದೆ ಎಂಬುದನ್ನು ಬಿದರಿ ಆಗ ಮೊದಲ ಬಾರಿಗೆ ಅನುಭವಿಸಿತು.

ಗಾಜಿನ ಅರಮನೆಯಲ್ಲಿ ಬೀದರ್

ಹುಕ್ಕಾ ಕೈಬಿಟ್ಟ ಕಾಲಕ್ಕೆ ಸರಿಯಾಗಿ ಪ್ರದರ್ಶನಗಳು ಕೈ ಹಿಡಿದವು. 1851ರಲ್ಲಿ ಲಂಡನ್‌ನ ಹೈಡ್ ಪಾರ್ಕ್‌ನಲ್ಲಿ ಗಾಜು ಮತ್ತು ಕಬ್ಬಿಣದಿಂದ ಕಟ್ಟಿದ ಬೃಹತ್ ಮಂದಿರದಲ್ಲಿ ಮಹಾ ಪ್ರದರ್ಶನ ನಡೆಯಿತು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಸುಮಾರು 60 ಲಕ್ಷ ಮಂದಿ ಅದನ್ನು ನೋಡಿದರು. ಭಾರತದ ವಿಭಾಗದಲ್ಲಿ ಬಿದರಿ ಪಾತ್ರೆಗಳೂ ಇದ್ದವು. ಯಂತ್ರದಿಂದ ಒಂದೇ ಅಚ್ಚಿನ ಸಾವಿರ ವಸ್ತು ತೆಗೆಯುತ್ತಿದ್ದ ಇಂಗ್ಲೆಂಡಿನ ತಯಾರಕರಿಗೆ, ಕೈಯಿಂದ ಮಾಡಿದ ಈ ವಸ್ತುಗಳ ಹದವಾದ ಅಲಂಕಾರ ಬೆರಗು ಹುಟ್ಟಿಸಿತು. ಓವೆನ್ ಜೋನ್ಸ್‌ನಂಥ ವಿನ್ಯಾಸಕಾರರು ಭಾರತೀಯ ಅಲಂಕಾರವನ್ನು ಇಂಗ್ಲಿಷರಿಗೆ ಮಾದರಿಯೆಂದು ಎತ್ತಿಹಿಡಿದರು. 1855ರಲ್ಲಿ ಪ್ಯಾರಿಸ್ ಪ್ರದರ್ಶನವೂ ನಡೆಯಿತು. ಜಾರ್ಜ್ ಬರ್ಡ್‌ವುಡ್ 1880ರಲ್ಲಿ ಪ್ರಕಟಿಸಿದ ಭಾರತದ ಕೈಗಾರಿಕಾ ಕಲೆಗಳ ಗ್ರಂಥದಲ್ಲಿ ಬಿದರಿಗೆ ಮೀನಾಕಾರಿಯ ನಂತರದ ಎತ್ತರದ ಸ್ಥಾನ ಕೊಟ್ಟ.

ಈ ಕಾಲದಲ್ಲಿ ಬಿದರಿಯ ಬಗ್ಗೆ ಬರೆದವರಲ್ಲಿ ಬಂಗಾಳದ ಟಿ.ಎನ್. ಮುಖರ್ಜಿ ಮುಖ್ಯರು. 1885ರ ‘ಜರ್ನಲ್ ಆಫ್ ಇಂಡಿಯನ್ ಆರ್ಟ್’ನಲ್ಲಿ ಅವರ ಲೇಖನ ಬಂತು. ಮರುವರ್ಷ ಲಂಡನ್ನಿನಲ್ಲಿ ನಡೆದ ವಸಾಹತುಗಳ ಪ್ರದರ್ಶನಕ್ಕೆ ಅವರೇ ಹೋದರು. 1888ರ ಗ್ಲಾಸ್ಗೊ ಪ್ರದರ್ಶನಕ್ಕಾಗಿ ಭಾರತದ ಕರಕುಶಲ ವಸ್ತುಗಳ ಕೈಪಿಡಿಯನ್ನೇ ಸಿದ್ಧಪಡಿಸಿದರು. ವಿದೇಶಿ ಕೊಳ್ಳುಗರಿಗೆ ಯಾವ ಊರಿನಲ್ಲಿ ಯಾವ ವಸ್ತು ಸಿಗುತ್ತದೆ ಎಂಬ ಮಾಹಿತಿ ಒದಗಿಸುವುದು ಅದರ ಉದ್ದೇಶವಾಗಿತ್ತು.

ಪ್ರದರ್ಶನದಿಂದ ಕೀರ್ತಿ ಬಂತು. ಆದರೆ ಪ್ರದರ್ಶನದ ಪೇಟೆಯ ಸ್ವಭಾವವೇ ಬೇರೆ. ಅಲ್ಲಿ ವಸ್ತುವನ್ನು ಆರಿಸುತ್ತಿದ್ದವರು ಸರ್ಕಾರದ ಸಮಿತಿಗಳು, ಕೊಳ್ಳುತ್ತಿದ್ದವರು ಸಂಗ್ರಹಾಲಯಗಳು ಮತ್ತು ಹವ್ಯಾಸಿಗಳು. ವಸ್ತುವಿನ ಪಟ್ಟಿಯಲ್ಲಿ ಪ್ರಾಂತ್ಯ, ಊರು, ಬೆಲೆ ದಾಖಲಾಗುತ್ತಿದ್ದವು. ಇಂಗ್ಲಿಷ್ ಕಂಪನಿಗಳು ತಮ್ಮ ಹೆಸರಿನಲ್ಲೇ ವಸ್ತುಗಳನ್ನು ಇಟ್ಟು ತಮ್ಮ ಹೆಸರಿಗೆ ಪದಕ ಪಡೆದವು. ಭಾರತದ ಕುಶಲಕರ್ಮಿಯ ವಸ್ತು ಒಂದು ಜನಾಂಗದ, ಒಂದು ಪ್ರದೇಶದ ಮಾದರಿಯಾಗಿ ಹೋಯಿತು. ಒಮ್ಮೆ ಮಾದರಿ ಕೊಂಡ ಸಂಗ್ರಹಾಲಯಕ್ಕೆ ಮತ್ತೆ ಅಂಥದ್ದೇ ಬೇಕಾಗುವುದಿಲ್ಲ. ಹೀಗಾಗಿ ಲಂಡನ್ನಿನ ಮೆಚ್ಚುಗೆ ಬೀದರ್‌ನ ಕಾರ್ಖಾನೆಗೆ ನಿಯಮಿತ ಬೇಡಿಕೆಯಾಗಿ ಮಾರ್ಪಡಲಿಲ್ಲ.

ನಕಾಶೆ ಬದಲಾದಾಗ

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. ನಿಜಾಮನ ಆಸ್ಥಾನವೂ ಜಾಗೀರುದಾರರ ಮನೆಗಳೂ ಬಿದರಿಯ ಉಳಿದ ಗಿರಾಕಿಗಳಾಗಿದ್ದವು. ಅವರ ಕಾಲ ಮುಗಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಭಾಲ್ಕಿ ಮತ್ತು ಔರಾದ್ ಗಡಿ ತಾಲ್ಲೂಕುಗಳಾದವು. ಬಿದರಿಯ ಪಾಲಿಗೆ ಆದ ಹೊಡೆತ ಇನ್ನೂ ನೇರವಾದದ್ದು. ತಯಾರಿಕೆಯ ಊರು ಒಂದು ರಾಜ್ಯದಲ್ಲಿ, ದೊಡ್ಡ ಪೇಟೆ ಇನ್ನೊಂದು ರಾಜ್ಯದಲ್ಲಿ ಉಳಿಯಿತು. ಬೀದರ್‌ನಿಂದ ಹೈದರಾಬಾದ್ 140 ಕಿ.ಮೀ. ಆಸುಪಾಸು, ಬೆಂಗಳೂರು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಸಾಮಾನು, ಅದರ ಹಿಂದೆ ಕುಶಲಕರ್ಮಿಗಳ ಕುಟುಂಬಗಳು ಹೈದರಾಬಾದಿನತ್ತ ಹರಿದದ್ದರಲ್ಲಿ ಆಶ್ಚರ್ಯವಿಲ್ಲ.

ಸ್ವತಂತ್ರ ಭಾರತ ಕರಕುಶಲ ಕಲೆಗಳನ್ನು ವಿದೇಶಿ ವಿನಿಮಯ ತರುವ ದಾರಿಯೆಂದೂ ನೋಡಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅದರ ನೇತೃತ್ವ ವಹಿಸಿದರು. ಕರಕುಶಲ ಮತ್ತು ಕೈಮಗ್ಗ ರಫ್ತು ನಿಗಮ ಬಂತು. ರಾಜ್ಯದಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ಅದರ ‘ಕಾವೇರಿ’ ಮಳಿಗೆಗಳಲ್ಲಿ ಗಂಧದ ಕೆತ್ತನೆಯ ಪಕ್ಕದಲ್ಲಿ ಬಿದರಿ ಹೂಜಿಗಳೂ ಕುಳಿತವು. ಗಿರಾಕಿ ಬದಲಾದಂತೆ ವಸ್ತುವೂ ಬದಲಾಯಿತು. ಪೀಕದಾನಿ, ಪಾನ್‌ದಾನ್‌ಗಳ ಜಾಗಕ್ಕೆ ಬೂದಿಬಟ್ಟಲು, ಸಿಗರೇಟು ಪೆಟ್ಟಿಗೆ, ಅಂಗಿ ಗುಂಡಿ, ಕಾಗದದ ಭಾರ, ಕಿವಿಯೋಲೆ, ಬೀಗದ ಗೊಂಚಲು ಬಂದವು. ಕಂಪ್ಯೂಟರ್ ಯುಗದಲ್ಲಿ ಪೆನ್‌ಡ್ರೈವ್‌ಗೂ ಬಿದರಿಯ ಕವಚ ಬಂತು.

ರಫ್ತು ನಡೆಯುತ್ತಿದ್ದ ಬಗೆಯನ್ನು ಗಮನಿಸಬೇಕು. ವಿದೇಶಿ ಕೊಳ್ಳುಗ ಮಾತಾಡುವುದು ಮಹಾನಗರದ ರಫ್ತುದಾರನ ಜೊತೆ. ರಫ್ತುದಾರ ಕೆಲಸ ಕೊಡುವುದು ಕಾರ್ಖಾನೆಯ ಮಾಲೀಕನಿಗೆ. ಮಾಲೀಕ ಬೆಳ್ಳಿ ತೂಗಿ ಕೊಟ್ಟು ಕುಶಲಕರ್ಮಿಯಿಂದ ಮಾಡಿಸಿಕೊಳ್ಳುತ್ತಾನೆ. ಕುಶಲಕರ್ಮಿಗೆ ಸಿಗುವುದು ನಗದಿನ ಲೆಕ್ಕದ ಕೂಲಿ. ಎರಕ, ಅರ, ಕೆತ್ತನೆ, ಬೆಳ್ಳಿ ಕೂರಿಸುವಿಕೆ ಬೇರೆ ಬೇರೆ ಕೈಗಳ ಕೆಲಸವಾದ್ದರಿಂದ, ಇದು ನಾನು ಮಾಡಿದ ವಸ್ತು ಎಂದು ಹೇಳಲು ಒಬ್ಬರಿಗೂ ಅವಕಾಶ ಇರುವುದಿಲ್ಲ. ಬೆಳ್ಳಿಯ ಬೆಲೆ ಏರಿದಷ್ಟೂ ಸ್ವಂತ ಬಂಡವಾಳವಿಲ್ಲದ ಕುಶಲಕರ್ಮಿ ಮಾಲೀಕನನ್ನೇ ಹೆಚ್ಚು ನೆಚ್ಚಬೇಕು. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿ ಮುಂದೆ ಹೋದದ್ದನ್ನು ನೆನೆದರೆ ಈ ಕಟ್ಟಿನ ಬಿಗಿ ಅರ್ಥವಾಗುತ್ತದೆ. ಸರ್ಕಾರದ ಆಸರೆಯೂ ಈ ನಡುವೆ ತೆಳುವಾಯಿತು. ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕೇಂದ್ರ ಸರ್ಕಾರ 2020ರಲ್ಲಿ ರದ್ದುಪಡಿಸಿತು. ರಫ್ತು ನಿಗಮವನ್ನು ಮುಚ್ಚಲು 2021ರಲ್ಲಿ ಒಪ್ಪಿಗೆ ನೀಡಿತು.

ಸೀಸೆಯ ಮೇಲಿನ ಗೂಬೆ

ಸಣ್ಣ ತಯಾರಕರು ತಮ್ಮ ಹೆಸರಿನಲ್ಲೇ ಹೊರದೇಶದ ಪೇಟೆಗೆ ಹೋದ ನಿದರ್ಶನಗಳು ಇಲ್ಲವೆ? ಇವೆ. ವಿಚಿತ್ರವೆಂದರೆ ಅವುಗಳಲ್ಲಿ ಎರಡು ಮದ್ಯದ ವ್ಯಾಪಾರಕ್ಕೆ ಸೇರಿದವು.

ಜಪಾನಿನಲ್ಲಿ 1994ರವರೆಗೆ ಬಿಯರ್ ತಯಾರಿಸುವ ಪರವಾನಗಿ ಬೇಕಾದರೆ ವರ್ಷಕ್ಕೆ ಕನಿಷ್ಠ 20 ಲಕ್ಷ ಲೀಟರ್ ತಯಾರಿಸಬೇಕಿತ್ತು. ದೊಡ್ಡ ಕಂಪನಿಗಳಿಗೆ ಮಾತ್ರ ಇದು ಸಾಧ್ಯವಿತ್ತು. ಆ ವರ್ಷ ಮಿತಿಯನ್ನು 60 ಸಾವಿರ ಲೀಟರಿಗೆ ಇಳಿಸಿದಾಗ ಊರೂರಿನಲ್ಲಿ ಸಣ್ಣ ಬಿಯರ್ ಮನೆಗಳು ಹುಟ್ಟಿಕೊಂಡವು. ಇಬರಾಕಿ ಪ್ರಾಂತ್ಯದ ಕಿಯುಚಿ ಎಂಬ ಕುಟುಂಬದ ಸಂಸ್ಥೆ 1823ರಿಂದ ಅಕ್ಕಿಯ ಮದ್ಯವಾದ ಸಾಕೆ ತಯಾರಿಸುತ್ತಿತ್ತು. 1996ರಲ್ಲಿ ಅದು ಬಿಯರ್‌ಗೂ ಕೈ ಹಾಕಿತು. ಆ ಸೀಮೆಯ ಹಳೆಯ ಹೆಸರಾದ ಹಿತಾಚಿಯನ್ನು ಬಳಸಿ ‘ಹಿತಾಚಿನೊ ನೆಸ್ಟ್’ ಎಂದು ಹೆಸರಿಟ್ಟು, ಸೀಸೆಯ ಮೇಲೆ ಗೂಬೆಯ ಚಿತ್ರ ಅಂಟಿಸಿತು. ಜಪಾನಿ ಓದಲು ಬಾರದ ಅಮೆರಿಕದ ಗಿರಾಕಿಗೂ ಗೂಬೆ ಗುರುತು ಸಿಕ್ಕಿತು. ಊರಿನ ಹೆಸರು ಮತ್ತು ತಯಾರಕನ ಗುರುತು ಒಂದೇ ಚೀಟಿಯಲ್ಲಿ ಹೋದವು.

ಎರಡನೆಯ ನಿದರ್ಶನ ಕರ್ನಾಟಕದ್ದೇ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಮಾರಾಟಕ್ಕಿಟ್ಟದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. ಮುಖರ್ಜಿಯವರ ಕೈಪಿಡಿ ತಯಾರಾದದ್ದು ಇದೇ ನಗರದ ಪ್ರದರ್ಶನಕ್ಕಾಗಿ ಎಂಬುದು ಕಾಕತಾಳೀಯ. ಭಾರತದ ಹೆಸರು ಕೇಳಿ ಹಲವರು ಮೂಗು ಮುರಿದರು. ಆದರೆ 2010ರ ವಿಸ್ಕಿ ಕೈಪಿಡಿಯಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ ಮೇಲೆ ಮಾತು ಬದಲಾಯಿತು. ಆ ವರ್ಷವೇ ಅದು ತನ್ನೂರಾದ ಬೆಂಗಳೂರಿನ ಅಂಗಡಿಗಳಿಗೂ ಬಂತು.

ಬಿದರಿಯನ್ನು ಇವುಗಳ ಜೊತೆ ಹಾಗೆಯೇ ಹೋಲಿಸುವುದು ಸರಿಯಲ್ಲ. ಸೀಸೆಯ ಬಾಯಿ ಮುಚ್ಚುವವನು ತಯಾರಕನೇ ಆದ್ದರಿಂದ ಅವನ ಚೀಟಿ ಗಿರಾಕಿಯ ಮೇಜಿನವರೆಗೂ ಹೋಗುತ್ತದೆ. ಒಂದೇ ರುಚಿಯ ಸಾವಿರ ಸೀಸೆ ತುಂಬಲು ಯಂತ್ರವಿದೆ. ಬಿದರಿಯಲ್ಲಿ ಎರಡು ಹೂಜಿಗಳು ಒಂದೇ ಅಚ್ಚಿನಂತಿರುವುದಿಲ್ಲ. ಸತು ಭಾರವಾದ ಲೋಹ, ಸಾಗಣೆಗೆ ಹೆಚ್ಚು ಖರ್ಚು. ಐರೋಪ್ಯ ಒಕ್ಕೂಟದಲ್ಲಿ ಆಭರಣದ ಲೋಹದಲ್ಲಿ ಸೀಸ ಶೇ 0.05ಕ್ಕಿಂತ ಕಡಿಮೆ ಇರಬೇಕೆಂಬ ನಿಯಮವಿದೆ. ಸೀಸ ಬೆರೆಸುತ್ತಿದ್ದ ಹಳೆಯ ಪಾಕಗಳು ಅಲ್ಲಿ ಸಲ್ಲುವುದಿಲ್ಲ, ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ಇವೆಲ್ಲ ಒಬ್ಬ ಕುಶಲಕರ್ಮಿಯ ಅಳವಿಗೆ ಮೀರಿದ ಕೆಲಸ. ಆದರೂ ಹೆಸರಿನ ವಿಷಯದಲ್ಲಿ ಗೂಬೆ ಹೇಳುವ ಪಾಠ ಬಿದರಿಗೂ ಅನ್ವಯಿಸುತ್ತದೆ.

ಕಾಯಿದೆ ಕೊಟ್ಟ ಹೆಸರು

ಊರಿನ ಹೆಸರಿಗೆ ಕಾನೂನಿನ ಬೇಲಿ ಹಾಕಲು ಭಾರತ 1999ರಲ್ಲಿ ಭೌಗೋಳಿಕ ಗುರುತಿನ ಕಾಯಿದೆ ಮಾಡಿತು. 2003ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂತು. ಡಾರ್ಜಿಲಿಂಗ್ ಚಹಾಕ್ಕೆ ಮೊದಲ ನೋಂದಣಿ ಸಿಕ್ಕಿತು. ಬಿದರಿಗೆ 2006ರಲ್ಲಿ ಆ ಮಾನ್ಯತೆ ದೊರೆಯಿತು. ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವಿದೆ. ಹೆಸರು ನೋಂದಣಿಯಾದ ಮಾತ್ರಕ್ಕೆ ಪ್ರತಿ ಕುಶಲಕರ್ಮಿಗೂ ಅದರ ಲಾಭ ತಾನಾಗಿ ಸಿಗುವುದಿಲ್ಲ. ಆತ ಅಧಿಕೃತ ಬಳಕೆದಾರನೆಂದು ಬೇರೆಯಾಗಿ ಹೆಸರು ಬರೆಸಬೇಕು. ಇದಲ್ಲದೆ ಈ ಕಾಯಿದೆಯ ಬಲ ಭಾರತದ ಗಡಿಯೊಳಗಷ್ಟೇ. ಪ್ಯಾರಿಸ್ಸಿನ ಅಂಗಡಿಯಲ್ಲಿ ನಕಲಿ ಬಿದರಿ ಮಾರಿದರೆ ಅದನ್ನು ತಡೆಯಲು ಅಲ್ಲಿನ ಕಾನೂನಿನ ಮೊರೆಯನ್ನೇ ಹೋಗಬೇಕು.

2023ನೇ ಇಸವಿ ಬಿದರಿಯ ಪಾಲಿಗೆ ವಿಶೇಷವಾಗಿತ್ತು. ಆ ವರ್ಷ ಬೀದರ್‌ನ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಮಾಡಿದವನ ಹೆಸರು ದೇಶಕ್ಕೆಲ್ಲ ತಿಳಿದ ಅಪರೂಪದ ಗಳಿಗೆ ಅದು. ಅದೇ ವರ್ಷದ ಆಗಸ್ಟ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಬ್ರಿಕ್ಸ್ ಶೃಂಗಸಭೆಯ ವೇಳೆ ಪ್ರಧಾನಿ ನರೇಂದ್ರ ಮೋದಿ ಅವರು ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೋಸಾ ಅವರಿಗೆ ಒಂದು ಜೊತೆ ಬಿದರಿ ಹೂಜಿಗಳನ್ನು ಉಡುಗೊರೆ ಕೊಟ್ಟರು. ಅವು ತೆಲಂಗಾಣದ ಕರಕುಶಲ ವಸ್ತುಗಳೆಂದು ಪರಿಚಯಿಸಲ್ಪಟ್ಟವು. ಹೈದರಾಬಾದಿನಲ್ಲೂ ತಲೆಮಾರುಗಳಿಂದ ಈ ಕೆಲಸ ಮಾಡುವವರಿದ್ದಾರೆ, ಹಾಗಾಗಿ ಆ ಮಾತು ಸುಳ್ಳಲ್ಲ. ಆದರೆ ಹೆಸರಿನಲ್ಲೇ ಊರು ಇರುವ ವಸ್ತುವೊಂದು ಆ ಊರಿನ ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯದ ಹೆಸರಿನಲ್ಲಿ ಸಮುದ್ರ ದಾಟಿದ್ದನ್ನು ಬೀದರ್‌ನವರು ಗಮನಿಸದೆ ಇರಲಾರರು. ಊರಿನ ಹೆಸರೊಂದನ್ನೇ ನೆಚ್ಚಿಕೊಂಡರೆ ಆಗುವುದು ಹೀಗೆ. ಹೆಸರು ಪ್ರಸಿದ್ಧವಾದಷ್ಟೂ ಅದು ಊರಿನಿಂದ ಬಿಡಿಸಿಕೊಂಡು ವಸ್ತುವಿನ ಜಾತಿಯ ಹೆಸರಾಗಿಬಿಡುತ್ತದೆ.

ಹೊಸದೊಂದು ಬಾಗಿಲೂ ತೆರೆದಿದೆ. ಐರೋಪ್ಯ ಒಕ್ಕೂಟದಲ್ಲಿ ಒಕ್ಕೂಟದ ಮಟ್ಟದ ಭೌಗೋಳಿಕ ಗುರುತು ಬಹುಕಾಲ ಆಹಾರ, ದ್ರಾಕ್ಷಾರಸ, ಮದ್ಯಗಳಿಗಷ್ಟೇ ಸಿಗುತ್ತಿತ್ತು. 2023ರಲ್ಲಿ ಮಾಡಿದ ನಿಯಮದಂತೆ 2025ರ ಡಿಸೆಂಬರ್ 1ರಿಂದ ಕರಕುಶಲ ಮತ್ತು ಕೈಗಾರಿಕಾ ವಸ್ತುಗಳಿಗೂ ಅದು ದೊರೆಯುವಂತಾಗಿದೆ. ಹೊರದೇಶಗಳ ತಯಾರಕರೂ ಅರ್ಜಿ ಹಾಕಬಹುದು. ವಸ್ತುವಿಗೂ ಊರಿಗೂ ಇರುವ ನಂಟನ್ನು ಅರ್ಜಿಯಲ್ಲಿ ತೋರಿಸಿಕೊಡಬೇಕಾಗುತ್ತದೆ. ಕೋಟೆಯ ಮಣ್ಣಿಗಿಂತ ಗಟ್ಟಿಯಾದ ನಂಟನ್ನು ಹುಡುಕಲು ಬೀದರ್‌ನವರು ಬೇರೆ ಕಡೆ ಹೋಗಬೇಕಿಲ್ಲ. ಅರ್ಜಿ ಹಾಕುವವರು ಯಾರು, ಅದರ ಖರ್ಚು ಹೊರುವವರು ಯಾರು ಎಂಬುದನ್ನು ಮಾತ್ರ ಕುಶಲಕರ್ಮಿಗಳು, ಜಿಲ್ಲಾಡಳಿತ ಮತ್ತು ನಿಗಮ ಕೂಡಿ ತೀರ್ಮಾನಿಸಬೇಕು.

ಅದಕ್ಕೂ ಮೊದಲು ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಬೆಳ್ಳಿಯ ತಂತಿಯಲ್ಲಿ ಕೂದಲೆಳೆಯಂಥ ಬಳ್ಳಿ ಬಿಡಿಸಬಲ್ಲ ಕೈಗೆ ಹೂಜಿಯ ತಳದಲ್ಲಿ ನಾಲ್ಕು ಅಕ್ಷರ ಕೊರೆಯುವುದು ಕಷ್ಟವಲ್ಲ. ಊರಿನ ಹೆಸರಿನ ಪಕ್ಕದಲ್ಲಿ ಮಾಡಿದವರ ಹೆಸರು, ಮಾಡಿದ ವರ್ಷ ಇದ್ದರೆ ಹೊರನಾಡಿನ ಗಿರಾಕಿ ಮುಂದಿನ ಬಾರಿ ಆ ಹೆಸರನ್ನೇ ಕೇಳಿಕೊಂಡು ಬರಬಹುದು. ಹೀಗೆ ಕೇಳಿಕೊಂಡು ಬರುವ ಗಿರಾಕಿಗಳು ಇದ್ದರೆ ಮಾತ್ರ ಬೀದರ್‌ನ ಹಳೆಯ ಪೇಟೆಯಲ್ಲಿ ಹದಿನೈದರ ಹುಡುಗನೊಬ್ಬ ಅಪ್ಪನ ಉಳಿಯನ್ನು ಕೈಗೆತ್ತಿಕೊಳ್ಳಲು ಮನಸ್ಸು ಮಾಡಿಯಾನು. ಇಲ್ಲದಿದ್ದರೆ ಹೈದರಾಬಾದಿನ ಬಸ್ಸು ದಿನವೂ ಹೊರಡುತ್ತದೆ, ಅಲ್ಲಿ ಬೇರೆ ಕೆಲಸಗಳಿವೆ.